ಶುಕ್ರವಾರದ ಹೆಪ್ಪು

ಚಿಂತೆ ಮಾಡುವುದಕ್ಕೆ ಏನಾದರೂ ಕಾರಣ ಬೇಕು ಎಂದು ತಿಳಿದವರು ಆ ವಿದ್ಯೆಯಲ್ಲಿ ಇನ್ನೂ ಎಳಸು. ನನ್ನಂಥ ಪಳಗಿದವನಿಗೆ ಕಾರಣದ ಹಂಗಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಚಿಂತೆ ಶುರುವಾಗುತ್ತದೆ. ಯಾವುದರ ಬಗ್ಗೆ ಎಂಬುದು ಹಲ್ಲುಜ್ಜುವ ಹೊತ್ತಿಗೆ ಗೊತ್ತಾಗುತ್ತದೆ. ಮನೆಗೆ ಬೀಗ ಹಾಕಿ ಬಸ್‌ಸ್ಟಾಪಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು, ಬೀಗವನ್ನು ಜಗ್ಗಿ ನೋಡಿ, ಹೀಗೆ ದಿನಾ ಜಗ್ಗುವುದರಿಂದಲೇ ಅದು ಸಡಿಲವಾಗುತ್ತಿದೆಯೋ ಏನೋ ಎಂಬ ಹೊಸ ಚಿಂತೆಯೊಂದನ್ನು ಜೇಬಿಗೆ ಹಾಕಿಕೊಂಡು ಮತ್ತೆ ಹೊರಡುವವನು ನಾನು. ನನ್ನ ಹೆಂಡತಿ ಸರೋಜ ಇದನ್ನೆಲ್ಲ ಬಹಳ ವರ್ಷ ಸಹಿಸಿಕೊಂಡು ಈಗ ನೋಡುವುದನ್ನೇ ಬಿಟ್ಟಿದ್ದಾಳೆ. ಆದರೆ ನನ್ನ ಚಿಂತೆಗಳ ಕುಟುಂಬದಲ್ಲಿ ಯಜಮಾನನ ಸ್ಥಾನದಲ್ಲಿದ್ದದ್ದು ಬೀಗವಲ್ಲ, ಕ್ರಿಮಿ.

ಕ್ರಿಮಿಯ ಭಯ ನನಗೆ ಬಂದದ್ದು ವಿಜ್ಞಾನದಿಂದ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ನೀರನ್ನು ಒಮ್ಮೆ ನೋಡಿದ ಮೇಲೆ ಲೋಟದ ನೀರನ್ನು ನಿಶ್ಚಿಂತೆಯಿಂದ ಕುಡಿಯುವುದು ಹೇಗೆ ಹೇಳಿ? ವರ್ಷಕ್ಕೊಂದು ಸಲ ಒಂಬತ್ತನೇ ಕ್ಲಾಸಿಗೆ ಅವಾಯುವಿಕ ಬ್ಯಾಕ್ಟೀರಿಯಾಗಳ ಪಾಠ ಮಾಡುತ್ತಿದ್ದೆ. ಗಾಳಿಯೇ ಇಲ್ಲದ ಕಡೆ ಬದುಕುವ ಜೀವಿಗಳು ಅವು. ನಮಗೆ ಉಸಿರಾದ ಆಮ್ಲಜನಕ ಅವಕ್ಕೆ ವಿಷ. ಬೋರ್ಡಿನ ಮೇಲೆ ಗೋಬರ್ ಗ್ಯಾಸಿನ ಗುಮ್ಮಟವನ್ನು ಗುಲಾಬಿ ಸೀಮೆಸುಣ್ಣದಲ್ಲೂ ಸಗಣಿಯನ್ನು ಹಸಿರು ಸೀಮೆಸುಣ್ಣದಲ್ಲೂ ಬರೆದು, ‘ಈ ಜೀವಿಗಳು ಮಾನವನ ಮಿತ್ರರು’ ಎಂದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಸಂಜೆ ಮನೆಗೆ ಬಂದು ಅದೇ ಮಿತ್ರರ ತಲೆಯ ಮೇಲೆ ಫಿನಾಯಿಲ್ ಸುರಿಯುತ್ತಿದ್ದೆ. ಇದರಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಪಾಠದ ಬ್ಯಾಕ್ಟೀರಿಯಾ ಪಾಠದಲ್ಲಿತ್ತು, ಮನೆಯದು ಮನೆಯಲ್ಲಿತ್ತು.

ತೊಂಬತ್ತರ ದಶಕದ ನಡುವೆ ನಾವು ಮರಳೂರಿನಲ್ಲಿ ಮನೆ ಕಟ್ಟಿಸಿದೆವು. ಆಗ ಆ ಕಡೆಗೆ ಒಳಚರಂಡಿ ಬಂದಿರಲಿಲ್ಲ. ಮನೆಗೊಂದು ಸೆಪ್ಟಿಕ್ ಟ್ಯಾಂಕು. ನಮ್ಮದು ಹಿತ್ತಲಲ್ಲಿ, ತೆಂಗಿನ ಸಸಿಯ ಪಕ್ಕ, ಕಲ್ಲುಚಪ್ಪಡಿ ಹೊದ್ದು ಮಲಗಿತ್ತು. ಚಪ್ಪಡಿ ಮುಚ್ಚುವ ದಿನ ಗಾರೆಯವನು, “ಸಾ, ಒಂದ್ ಮಂಕ್ರಿ ಸಗಣಿ ಹಾಕ್ಬುಡಿ ಒಳೀಕೆ. ಸುರು ಆಯ್ತದೆ” ಎಂದ. ಹೊಚ್ಚ ಹೊಸ ಟ್ಯಾಂಕಿಗೆ, ಇನ್ನೂ ಯಾರೂ ಉಪಯೋಗಿಸದಿರುವ, ಸಿಮೆಂಟಿನ ಘಮ ಬರುತ್ತಿರುವ ಟ್ಯಾಂಕಿಗೆ ಸಗಣಿಯೇ? ನಾನು ಅವನಿಗೆ ಶುಚಿತ್ವದ ಮೇಲೆ ಐದು ನಿಮಿಷ ಭಾಷಣ ಮಾಡಿ, ಸಗಣಿಯ ಬದಲು ಎರಡು ಹಿಡಿ ಬ್ಲೀಚಿಂಗ್ ಪೌಡರ್ ಎರಚಿದೆ. ಅಂದಿನಿಂದ ದಿನಕ್ಕೆರಡು ಸಲ ಫಿನಾಯಿಲ್, ಭಾನುವಾರ ಆಸಿಡ್, ಹಬ್ಬಕ್ಕೆ ಎರಡೂ. ನಮ್ಮ ಮನೆಯ ಪಾಯಿಖಾನೆ ಆಸ್ಪತ್ರೆಯ ಹಾಗೆ ನಾರುತ್ತಿತ್ತು. ಬಂದ ನೆಂಟರು ಅಲ್ಲಿಂದ ಹೊರಗೆ ಬರುವಾಗ ಯಾರನ್ನೋ ನೋಡಿಕೊಂಡು ಬಂದವರ ಹಾಗೆ ಗಂಭೀರವಾಗಿರುತ್ತಿದ್ದರು.

ಹೀಗೆ ಮೂರು ವರ್ಷ ಕಳೆದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಅವ್ವ ಇದ್ದದ್ದು ಕುಣಿಗಲ್ ಕಡೆಯ ಹುತ್ರಿದುರ್ಗದಲ್ಲಿ, ನಮ್ಮಣ್ಣನ ಮನೆಯಲ್ಲಿ. ಬಲಗಣ್ಣಿಗೆ ಪೊರೆ ಬಂದು ತುಮಕೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಹಸಿರು ಬಟ್ಟೆ ಕಟ್ಟಿ, ನಲವತ್ತು ದಿನ ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಕಣ್ಣಿಗೆ ಧೂಳು ತಾಗಬಾರದು, ತಪ್ಪಿದರೆ ಕಣ್ಣು ಹೋದೀತು ಎಂದು ಕಟ್ಟಪ್ಪಣೆ ಮಾಡಿದರು. ಊರಿನ ಮನೆಗೆ ಪಾಯಿಖಾನೆ ಇಲ್ಲ. ಅಲ್ಲಿ ಏನಿದ್ದರೂ ಬೆಟ್ಟದ ಬುಡದ ಬಂಡೆ ಮರೆ. ಕಲ್ಲು ಮುಳ್ಳಿನ ಕಾಲುದಾರಿ. ಆದ್ದರಿಂದ ನಲವತ್ತು ದಿನ ನಮ್ಮಲ್ಲೇ ಇರಬೇಕೆಂದು ತೀರ್ಮಾನವಾಯಿತು. ಅವ್ವನಿಗಾಗಿಯೇ ನಾನು ಕುರ್ಚಿಯಂಥ ಕಮೋಡು ಹಾಕಿಸಿದೆ. ಅವ್ವ ಅದನ್ನು ಒಂದೇ ಕಣ್ಣಲ್ಲಿ ದಿಟ್ಟಿಸಿ, “ಅಲ್ಲ ಕಣ್ಲಾ, ಅಡಿಗೆಮನೆ ಗ್ವಾಡೆ ಪಕ್ಕಕ್ಕೇ ಇದಾ? ಮನುಸ್ರು ಮನೆ ಒಳಗೇ ಹೋಗ್ತಾರಾ?” ಎಂದಳು. “ಪಟ್ಟಣದಲ್ಲಿ ಹಂಗೇ ಕಣವ್ವ” ಎಂದೆ. “ಪಟ್ಟಣದೋರು ಓದ್ದೋರು ಬುಡು” ಎಂದು ಒಪ್ಪಿಕೊಂಡಳಾದರೂ, ಊರಿಗೆ ಹೊರಡಲು ಒಂದು ನೆಪ ಸಿಕ್ಕರೆ ಸಾಕು ಎಂದು ಸೆರಗಿನಲ್ಲಿ ಗಂಟು ಹಾಕಿಕೊಂಡೇ ಕೂತಿದ್ದಳು.

ಆ ನೆಪವನ್ನು ನಮ್ಮ ಟ್ಯಾಂಕು ಹತ್ತನೇ ದಿನ ಒದಗಿಸಿತು. ಮೊದಲು ಕಮೋಡು ಗುಳುಗುಳು ಎಂದು ಗಂಟಲು ಸರಿ ಮಾಡಿಕೊಂಡಿತು. ಆಮೇಲೆ ಹಾಕಿದ ನೀರು ಇಳಿಯದೆ ಯೋಚಿಸುತ್ತಾ ನಿಂತಿತು. ಮೂರನೆಯ ದಿನ ಇಳಿಯುವುದರ ಬದಲು ಏರಿತು. ಮುಂದಿನದನ್ನು ವಿವರಿಸುವುದಿಲ್ಲ, ನೀವು ಊಟದ ಮುಂಚೆ ಓದುತ್ತಿದ್ದೀರೋ ಆಮೇಲೋ ನನಗೆ ಗೊತ್ತಿಲ್ಲ. ಹೀರುವ ಲಾರಿಯವನನ್ನು ಕಾಡಿ ಬೇಡಿ ಕರೆಸಿದ್ದಾಯಿತು. ಅವನು ಚಪ್ಪಡಿ ಸರಿಸಿ, ಉದ್ದನೆಯ ಬಿದಿರ ಗಳು ಇಳಿಬಿಟ್ಟು, ಕೈಗೆ ತಾಗಿದ್ದನ್ನು ಅಂದಾಜು ಮಾಡಿ, ವೈದ್ಯನ ಹಾಗೆ ತಲೆಯಾಡಿಸಿದ. “ಸಾರ್, ಇದು ಕರಗೇ ಇಲ್ಲ. ಮೂರ್ ವರ್ಷದಿಂದ ಹೆಂಗ್ ಹಾಕಿದ್ರೋ ಹಂಗೇ ಐತೆ. ಮೇಲಿಂದು ಎಳ್ಕೊಂಡ್ ಹೋಗ್ತೀನಿ, ಅಡೀದು ಕಲ್ಲಾಗದೆ. ಇನ್ ತಿಂಗ್ಳಿಗೆ ಮತ್ತೆ ತುಂಬ್ಕೊಳ್ಳುತ್ತೆ. ಎಂಥೆಂಥ ಗುಂಡಿ ನೋಡಿದ್ದೀನಿ, ಇಂಥ ಕ್ಲೀನಾಗಿರೋ ಗುಂಡಿ ನೋಡಿರ್ಲಿಲ್ಲ ಬಿಡಿ.” ಮೂರು ವರ್ಷಗಳ ನಮ್ಮ ಸಂಸಾರದ ಇತಿಹಾಸವನ್ನು ನಾನು ಒಂದು ಚೂರೂ ಕೆಡದಂತೆ ಕಾಪಾಡಿದ್ದೆ.

ಲಾರಿ ಹೋಯಿತು, ವಾಸನೆ ಉಳಿಯಿತು. ಅವ್ವ ಬಟ್ಟೆಯ ಚೀಲ ತೆಗೆದಳು. “ಶನಿವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ಸು. ನನ್ನಿಂದ ನಿಮ್ಗೆ ಈ ಪಡಿಪಾಟ್ಲು ಬ್ಯಾಡ.”

“ಅವ್ವ, ನಿನ್ನಿಂದ ಅಲ್ಲ ಇದು. ಇನ್ನೂ ಇಪ್ಪತ್ತೈದು ದಿನ ಐತೆ. ಊರಲ್ಲಿ ಬಂಡೆ ಹತ್ರ ಹೋಗಿ ಕುಕ್ಕರಗಾಲಲ್ಲಿ ಕೂತು ಕಣ್ಣಿನ ಹೊಲಿಗೆ ಬಿಚ್ಕೊಂಡ್ರೆ?”

“ಬಿಚ್ಕೊಂಡ್ರೆ ಇನ್ನೊಂದ್ ಕಣ್ಣೈತಲ್ಲ.”

ಚಿಂತೆ ಎಂದರೆ ಏನೆಂದು ನನಗೆ ನಿಜವಾಗಿ ಗೊತ್ತಾದದ್ದು ಆವತ್ತು. ಅಲ್ಲಿಯವರೆಗಿನದೆಲ್ಲ ಬರೀ ತಾಲೀಮು. ಬುಧವಾರ ಸಂಜೆ ಹಿತ್ತಲಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದೆ. ಅವ್ವ ಗೋಡೆ ಹಿಡಿದುಕೊಂಡು ಬಂದು, ಚಪ್ಪಡಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ನೆಟ್ಟಗೆ ಕೂತು, ಮೂಗನ್ನು ಎರಡು ಸಲ ಏರಿಸಿದಳು.

“ಇದು ಬದುಕಿರೋ ಗುಂಡಿ ವಾಸ್ನೆ ಅಲ್ಲ ಕಣ್ಲಾ ಮಗ.”

“ವಾಸನೇಲೂ ಬದುಕಿರೋದು ಸತ್ತಿರೋದು ಅಂತ ಇರುತ್ತಾ?”

“ಇರ್ದೇ? ಹನ್ನೆರಡ್ ವರ್ಷ ಗೋಬರ್ ಗ್ಯಾಸ್ ಗುಂಡಿಗೆ ಸಗಣಿ ಕದ್ಡಿದ್ದೀನಿ ನಾನು. ಬದುಕಿರೋ ಗುಂಡಿ ಕೆಸರುಗದ್ದೆ ತರ ಇರ್ತದೆ, ಕಣ್ಣುರಿಯಕಿಲ್ಲ. ಇದು ಕಣ್ಣಲ್ಲಿ ನೀರ್ ಬರಿಸ್ತದೆ. ದಿನಾ ಒಳೀಕೆ ಅದೇನೋ ಬಿಳೇ ನೀರು ಸುರೀತೀಯಲ್ಲ, ಏನದು?”

“ಫಿನಾಯಿಲ್ ಅವ್ವ. ಕ್ರಿಮಿ ಸಾಯ್ಲಿ ಅಂತ.”

“ಸತ್ವಲ್ಲ ಮತ್ತೆ. ಇನ್ಯಾಕ್ ಅಳ್ತೀಯ?”

ಹದಿನೆಂಟು ವರ್ಷದ ಮೇಷ್ಟ್ರಗಿರಿಯಲ್ಲಿ ನಾನು ಯಾರನ್ನೂ ಇಷ್ಟು ಚಿಕ್ಕ ವಾಕ್ಯದಲ್ಲಿ ಫೇಲು ಮಾಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸರೋಜ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಗುಲಾಬಿ ಗುಮ್ಮಟ, ಹಸಿರು ಸಗಣಿ, ಎರಡು ಗೆರೆ ಎಳೆದ ‘ಮಾನವನ ಮಿತ್ರರು’ ಎಲ್ಲ ಕಣ್ಣ ಮುಂದೆ ಬಂದವು. ಆ ಚಪ್ಪಡಿಯ ಕೆಳಗೆ ನಾನು ಮಾಡಿದ್ದು ಶುಚಿತ್ವವಲ್ಲ, ಮೂರು ವರ್ಷದ ಸಾಮೂಹಿಕ ಹತ್ಯೆ.

ನೋಡಿ, ಈ ಜೀವಿಗಳು ನನಗೆ ಪಾಠದಲ್ಲಿ ಮೊದಲು ಸಿಕ್ಕಿದವೇನಲ್ಲ. ಹುತ್ರಿದುರ್ಗದ ಬೆಟ್ಟದ ಕೆಳಗೆ ಒಂದು ನೀರಿನ ಕಟ್ಟೆಯಿತ್ತು. ಅಪ್ಪ ಹೊಲದ ಬದುವಿನ ಕತ್ತಾಳೆಯನ್ನು ಕುಯ್ದು, ಸೀಳಿ, ಕಂತೆ ಕಟ್ಟಿ ಅದರ ಒಂದು ಮೂಲೆಯ ಕೆಸರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದ. ಹದಿನೈದು ಇಪ್ಪತ್ತು ದಿನ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ, ಅಂಥ ನಾತ. ನಾವು ಮಕ್ಕಳು ಮಾತ್ರ ಮೂಗು ಹಿಡಿದು ದಡದಲ್ಲಿ ಕೂತು, ಕೆಸರಿನಿಂದ ಬುಳಬುಳ ಏಳುವ ಗುಳ್ಳೆಗಳನ್ನು ಎಣಿಸುತ್ತಿದ್ದೆವು. “ಒಳಗೆ ಯಾರೋ ಉಸಿರು ಬುಡ್ತಾವ್ರೆ” ಎಂದು ಅಕ್ಕ ಹೆದರಿಸುತ್ತಿದ್ದಳು. ಅವಳು ಹೇಳಿದ್ದೇ ಸರಿ. ಯಾರೋ ಕತ್ತಲಲ್ಲಿ ಕೂತು ಆ ಕತ್ತಾಳೆ ಪಟ್ಟೆಗಳ ತಿರುಳನ್ನೆಲ್ಲ ತಿಂದು ನಾರನ್ನು ಮಾತ್ರ ಬಿಟ್ಟುಕೊಡುತ್ತಿದ್ದರು. ಕಂತೆಯನ್ನು ಎತ್ತಿ ಕಲ್ಲಿಗೆ ಬಡಿದು ತೊಳೆದರೆ ಅಜ್ಜಿಯ ಕೂದಲಿನಷ್ಟು ಬೆಳ್ಳಗಿನ ನಾರು. ಅದರಲ್ಲಿ ಅಪ್ಪ ಹೊಸೆದ ಹಗ್ಗದಲ್ಲೇ ನಮ್ಮ ದನ, ನಮ್ಮ ಬಾವಿಯ ಬಿಂದಿಗೆ, ನನ್ನ ಉಯ್ಯಾಲೆ ಎಲ್ಲವೂ ಕಟ್ಟಿಸಿಕೊಂಡಿದ್ದು. ಭೂಮಿಯ ಮೇಲೆ ಆಮ್ಲಜನಕವೇ ಇಲ್ಲದಿದ್ದ ಕಾಲದಲ್ಲಿ ಈ ಜೀವಿಗಳದ್ದೇ ರಾಜ್ಯಭಾರವಂತೆ. ಗಾಳಿ ಬದಲಾದ ಮೇಲೆ ಕೆರೆಯ ಕೆಸರು, ಗದ್ದೆಯ ಮಣ್ಣು, ಹಸುವಿನ ಹೊಟ್ಟೆ, ನಮ್ಮ ನಿಮ್ಮ ಕರುಳು, ಹೀಗೆ ಸಿಕ್ಕ ಕತ್ತಲೆ ಕೋಣೆಗಳಿಗೆ ಸರಿದುಕೊಂಡು, ಮೇಲಿನವರು ತಿಂದು ಬಿಟ್ಟದ್ದನ್ನು, ಸತ್ತು ಬಿದ್ದದ್ದನ್ನು ಕರಗಿಸಿ ಮತ್ತೆ ಮಣ್ಣಿಗೆ ಒಪ್ಪಿಸುವ ಕೆಲಸ ಹಿಡಿದವು. ಅವು ಒಂದು ವರ್ಷ ರಜೆ ಹಾಕಿದರೆ ಜಗತ್ತೆಲ್ಲ ನಮ್ಮ ಮರಳೂರಿನ ಟ್ಯಾಂಕು. ಇಷ್ಟೆಲ್ಲ ಗೊತ್ತಿದ್ದವನೇ ನಾನು, ಭಾನುವಾರ ಆಸಿಡ್ ಹಾಕುತ್ತಿದ್ದವನು.

“ಈಗ ಏನವ್ವ ಮಾಡೋದು?” ಎಂದೆ.

“ಹೆಪ್ಪು ಹಾಕ್ಬೇಕು. ಬರೀ ಹಾಲಿಟ್ಕೊಂಡು ಕಾಯ್ತಾ ಕೂತ್ರೆ ಮೊಸರಾಯ್ತದಾ? ಚೇಳೂರ್ಗೆ ಹೋಗಿ ನಿಮ್ಮಕ್ಕನ ಗ್ಯಾಸ್ ಗುಂಡೀದು ಒಂದ್ ಕ್ಯಾನು ತಗಂಬಾ.”

“ಹುತ್ರಿದುರ್ಗದ್ದೇ ತರ್ತೀನಿ ಬಿಡು.”

“ಅದೆಲ್ಲೈತೆ? ಹೋದ್ ವರ್ಸವೇ ಬಿರುಕು ಬುಟ್ಟು ನಿಂತೋಯ್ತಲ್ಲ. ನಿಮ್ಮಣ್ಣ ಸಿಲಿಂಡರ್ ತಂದ.” ಅವ್ವ ಕಣ್ಣಿನ ಬಟ್ಟೆ ಸರಿಮಾಡಿಕೊಂಡಳು. “ಚೇಳೂರಿಂದೂ ನಮ್ದೇ ಕಣ್ಲಾ. ಅವಳ ಮನೇಲಿ ಗುಂಡಿ ಕಟ್ಸಿದಾಗ ನಾನೇ ನಮ್ಮ ಗುಂಡೀದು ಒಂದು ಕೊಡ ಹೊತ್ಕೊಂಡು ಹೋಗಿರ್ನಿಲ್ವಾ? ಒಂದ್ ಕೈಲಿ ಮಡಿಲಕ್ಕಿ, ಒಂದ್ ಕೈಲಿ ಇದು. ಬೀಗ್ತಿ ಯಾವ್ದಕ್ಕೆ ಮೊದ್ಲು ಕುಂಕುಮ ಇಡ್ಬೇಕು ಅಂತ ಕೇಳುದ್ಲು.”

ಅವ್ವ ಶನಿವಾರ ಹೊರಡುವವಳು. ಗುರುವಾರ ಸ್ಕೂಲಿನಲ್ಲಿ ಪರೀಕ್ಷೆ. ಉಳಿದದ್ದು ಶುಕ್ರವಾರ ಒಂದೇ. ಹೆಡ್‌ಮಾಸ್ಟರಿಗೆ ‘ತುರ್ತು ಕೌಟುಂಬಿಕ ಕೆಲಸ’ ಎಂದು ರಜೆ ಚೀಟಿ ಬರೆದು, ಹಾಲಿನ ಹಳೆಯ ಅಲ್ಯೂಮಿನಿಯಂ ಕ್ಯಾನು ಹಿಡಿದು, ಗುಬ್ಬಿ ದಾಟಿ ಚೇಳೂರು ತಲುಪಿದಾಗ ಹನ್ನೊಂದು ಗಂಟೆ. ಅಕ್ಕ ಜಯಮ್ಮ ತೆಂಗಿನ ಗರಿ ಹೆಣೆಯುತ್ತಾ ಕೂತಿದ್ದಳು. ಬಂದ ಕಾರಣ ಕೇಳಿ ನಗಲಿಲ್ಲ, ಎದೆಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ, ಇವತ್ತು ಶುಕ್ರವಾರ ಕಣೋ! ಶುಕ್ರವಾರ ಯಾರಾದ್ರೂ ಹೆಪ್ಪು ಹೊರಗ್ ಕೊಡ್ತಾರಾ?”

“ಅಕ್ಕ, ಅದು ಮೊಸರಿನ ಹೆಪ್ಪಿಗೆ. ಇದು ಸಗಣಿ.”

“ಸಗಣಿ ಲಕ್ಷ್ಮಿ ಅಲ್ವೇನೋ? ಮೊಸರಿಗಿಂತ ಜಾಸ್ತೀನೇ ಆಯ್ತು. ನಾನೇ ನಮ್ಮನೆ ಲಕ್ಷ್ಮೀನ ಕ್ಯಾನಿಗೆ ತುಂಬಿ ಕಳಿಸ್ಲಾ? ನಾಳೆ ಒಲೆ ಹತ್ತದೇ ಹೋದ್ರೆ?”

“ನಾಳೆ ಅವ್ವ ಊರಿಗೆ ಹೋಗ್ತಾಳೆ. ಕಣ್ಣು ಹೋಗುತ್ತೆ ಅಕ್ಕ.”

ಅಕ್ಕ ಗರಿಯನ್ನು ಕೆಳಗಿಟ್ಟಳು. ಒಂದು ಕಡೆ ಶುಕ್ರವಾರ, ಇನ್ನೊಂದು ಕಡೆ ಅವ್ವ. ಸ್ವಲ್ಪ ಹೊತ್ತು ಆಕಾಶ ನೋಡಿ, ಕೊನೆಗೆ ನ್ಯಾಯಾಧೀಶರ ಧ್ವನಿಯಲ್ಲಿ ತೀರ್ಪು ಕೊಟ್ಟಳು: “ನಾನಂತೂ ಕೊಡಕಿಲ್ಲ. ನಾನು ಆ ಕಡೆ ತಿರುಕ್ಕೊಂಡು ನಿಂತ್ಕೋತೀನಿ. ನೀನು ಕದ್ಕೊಂಡು ಹೋಗು. ಕದ್ರೆ ದೋಷ ಕೊಟ್ಟೋರಿಗಿಲ್ಲ.”

ಹೀಗಾಗಿ ವಿಜ್ಞಾನ ಪದವೀಧರನೂ ತರಬೇತಿ ಹೊಂದಿದ ಶಿಕ್ಷಕನೂ ಆದ ನಾನು, ಹಾಡುಹಗಲು, ಒಡಹುಟ್ಟಿದ ಅಕ್ಕನ ಮನೆಯ ಹಿತ್ತಲಲ್ಲಿ ಸಗಣಿ ಕದಿಯಲು ಬಗ್ಗಿದೆ. ಅಕ್ಕ ತೆಂಗಿನ ಮರದ ಕಡೆ ಮುಖ ಮಾಡಿ ನಿಂತಿದ್ದಳು. ಆದರೆ ಬೆನ್ನು ತಿರುಗಿಸಿದ ಮಾತ್ರಕ್ಕೆ ಅವಳ ಬಾಯಿ ನಿಲ್ಲಲಿಲ್ಲ. “ಮೇಲಿಂದು ತೆಳ್ಳಗಿರ್ತದೆ, ತಗೋಬೇಡ. ಬಗ್ಗು, ಇನ್ನೂ ಬಗ್ಗು. ಒಳಗಿಂದು ಮಂದಕ್ಕೆ ಕಪ್ಪಗೈತಲ್ಲ, ಅದು. ಪಂಚೆ ಮೇಲ್ ಕಟ್ಟೋ! ನಾನೇನೂ ನೋಡ್ತಿಲ್ಲಪ್ಪ. ಆ ಚಂಬಲ್ಲಿ ತುಂಬು, ಈ ಕಡೇದಲ್ಲ, ಬಲಗಡೇದು.” ಕದ್ದ ಮಾಲು ತುಂಬಿದ ಮೇಲೆ ತಿರುಗಿ, ಆಗಷ್ಟೇ ನನ್ನನ್ನು ಕಂಡವಳ ಹಾಗೆ, “ಓ, ಯಾವಾಗ್ ಬಂದ್ಯೋ? ಮುದ್ದೆ ಉಂಡ್ಕೊಂಡು ಹೋಗು” ಎಂದಳು.

ಕ್ಯಾನು ಮುಚ್ಚುವುದರಲ್ಲಿ ನಾನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಗಾಳಿ ತಾಗಿದರೆ ಇವು ಸಾಯುತ್ತವೆ. ಆದ್ದರಿಂದ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ಹಳೇ ಸೈಕಲ್ ಟ್ಯೂಬು, ಮೇಲೆ ಹಗ್ಗ. ವಾಸನೆಯ ಮಾನವೂ ಉಳಿಯಿತು, ಜೀವಿಗಳ ಪ್ರಾಣವೂ ಉಳಿಯಿತು ಎಂದು ಹಿಗ್ಗುತ್ತಾ ತುಮಕೂರಿನ ಪ್ರೈವೇಟ್ ಬಸ್ಸು ಹತ್ತಿದೆ. ಮೀಸೆಯ ಕಂಡಕ್ಟರ್ ಕ್ಯಾನು ನೋಡಿ, “ಹಾಲಾ ಸಾ?” ಎಂದ. ತುಂಬಿದ ಬಸ್ಸಿನಲ್ಲಿ ನಿಜ ಹೇಳುವ ಧೈರ್ಯ ಬರಲಿಲ್ಲ. “ಹ್ಞೂಂ, ಹಾಲು” ಎಂದೆ. “ಕೊಡಿ ಇತ್ಲಾಗೆ, ಚೆಲ್ಲೋಗ್ತದೆ” ಎಂದು ಮರ್ಯಾದೆಯಿಂದ ಇಸಿದುಕೊಂಡು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟ.

ಬಾನೆಟ್ಟಿನ ಕೆಳಗೆ ಎಂಜಿನ್ನು; ಮೇಲೆ ಮಧ್ಯಾಹ್ನದ ಬಿಸಿಲು. ಬೆಚ್ಚಗಿದ್ದಷ್ಟೂ ಈ ಜೀವಿಗಳು ಚುರುಕಾಗಿ ಅನಿಲ ಉತ್ಪಾದಿಸುತ್ತವೆ ಎಂದು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ! ರಸ್ತೆಯ ಗುಂಡಿಗಳೂ ಚೆನ್ನಾಗಿ ಕಲಕಿ ಕೊಟ್ಟವು. ಗುಬ್ಬಿ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ ಡಬ್ ಎಂದು ಒಂದು ಸದ್ದು. ಡ್ರೈವರ್ ಟೈರು ಹೋಯಿತೆಂದು ಬ್ರೇಕು ಹಾಕಿದ. ಟೈರು ಹೋಗಿರಲಿಲ್ಲ. ಮುಚ್ಚಳ ಹಾರಿ ಟಾಪಿಗೆ ಬಡಿದು, ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲಿದ್ದ ಹೂವಿನ ಬುಟ್ಟಿಗೆ ಬಿದ್ದಿತ್ತು. ಆಮೇಲೆ ವಾಸನೆ ಸೀಟು ಸೀಟಿಗೂ ಹೋಗಿ ಮಾತಾಡಿಸಿತು.

ಆ ಹೆಂಗಸು ಎದ್ದು ನಿಂತು ಕೂಗಿದಳು: “ಯಾರದ್ರೀ ಹಾಲು ಒಡ್ದೋಗಿರೋದು?”

ಇಡೀ ಬಸ್ಸು ನನ್ನ ಕಡೆ ತಿರುಗಿತು. ಹಾಲು ಒಡೆದಿದ್ದಲ್ಲ, ಮಾನ ಒಡೆದಿದ್ದು. ನಾನು ಎದ್ದು, ಕ್ಲಾಸಿನಲ್ಲಿ ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ನೆಲ ನೋಡುತ್ತಾ, “ಅದು ಹಾಲಲ್ಲ… ಹೆಪ್ಪು” ಎಂದೆ. ಕಂಡಕ್ಟರ್ ಕ್ಯಾನಿನೊಳಗೆ ಬಗ್ಗಿ ನೋಡಿ, ನನ್ನ ಮುಖ ನೋಡಿ, ಹಲ್ಲು ಬಿಟ್ಟ. “ಸಾ! ನಾನು ನಾಗರಾಜ ಸಾ. ಒಂಬತ್ತನೇ ಕ್ಲಾಸ್ ಬಿ ಸೆಕ್ಷನ್. ನೀವೇ ಮಾಡಿದ್ರಲ್ಲ ಈ ಪಾಠ. ಹಿಂಗ್ ಬಿಗಿಯಾಗಿ ಮುಚ್ಚಿದ್ರೆ ಹಾರದೇ ಇರುತ್ತಾ ಸಾ? ಗ್ಯಾಸ್ ಎಲ್ಲಿಗೆ ಹೋಗ್ಬೇಕು?”

ಎಂಟು ವರ್ಷದ ಹಿಂದೆ ಅವನಿಗೆ ನಾನು ಕೇಳಿದ್ದ ಪ್ರಶ್ನೆಯೇ ಅದು. ಅವನು ಒಂದು ಗೋಣಿತಾಟನ್ನು ನೆನೆಸಿ ಕ್ಯಾನಿನ ಬಾಯಿಗೆ ಸಡಿಲವಾಗಿ ಹೊದಿಸುತ್ತಾ, ಎಲ್ಲರಿಗೂ ಕೇಳುವಂತೆ ಮುಂದುವರಿಸಿದ: “ನಮ್ಮನೇಲೂ ಗೋಬರ್ ಗ್ಯಾಸ್ ಇತ್ತಲ್ಲ ಸಾ. ಪರೀಕ್ಷೇಲಿ ‘ಈ ಬ್ಯಾಕ್ಟೀರಿಯಾ ಸಾಕಿದವರು ಗುಂಡಿಗೆ ಫಿನಾಯಿಲ್ ಬಿಡಬಾರದು’ ಅಂತ ಬರ್ದಿದ್ದೆ. ನೀವು ಕೆಂಪು ಇಂಕಲ್ಲಿ ‘ಪುಸ್ತಕದಲ್ಲಿ ಇಲ್ಲ’ ಅಂತ ಬರ್ದು ಅರ್ಧ ಮಾರ್ಕ್ಸ್ ಕಟ್ ಮಾಡಿದ್ರಿ. ನೆನಪೈತಾ ಸಾ?”

ನೆನಪಿರಲಿಲ್ಲ, ಅವತ್ತಿನಿಂದ ಮರೆತಿಲ್ಲ. ಹೂವಿನ ಹೆಂಗಸು ಮುಚ್ಚಳವನ್ನು ಎರಡು ಬೆರಳಲ್ಲಿ ಹಿಡಿದು ನನಗೆ ಕೊಟ್ಟು, “ಸಗಣಿ ತಾನೆ, ಬುಡಿ ಮೇಷ್ಟ್ರೇ. ಹಾಲು ಅಂತ ಸುಳ್ ಯಾಕ್ ಹೇಳ್ಬೇಕಿತ್ತು, ಶುಕ್ರವಾರ?” ಎಂದಳು. ಶುಕ್ರವಾರ ಅವತ್ತು ನನ್ನನ್ನು ಯಾವ ಊರಲ್ಲೂ ಬಿಡಲಿಲ್ಲ.

ಮರಳೂರಿಗೆ ಬಂದು ಕಪ್ಪನೆಯ ಹೆಪ್ಪನ್ನು ಟ್ಯಾಂಕಿಗೆ ಸುರಿದಾಗ ಅವ್ವ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕದ್ದದ್ದು, ಹಾರಿದ್ದು, ಸುಳ್ಳು ಹೇಳಿದ್ದು ಎಲ್ಲ ಒಪ್ಪಿಸಿದೆ. ಅವ್ವ ಕಟ್ಟಿದ ಕಣ್ಣಿನ ಮೇಲೆ ಕೈಯಿಟ್ಟುಕೊಂಡು, ನಕ್ಕರೆ ಹೊಲಿಗೆ ಬಿಚ್ಚೀತೆಂದು ಭುಜ ಮಾತ್ರ ಕುಣಿಸುತ್ತಾ ನಕ್ಕಳು. ಆಮೇಲೆ ಮೂಗು ಏರಿಸಿ, ಬಹಳ ಹೊತ್ತು ಆ ವಾಸನೆ ಎಳೆದುಕೊಂಡಳು. “ನಮ್ಮನೇದೇ” ಎಂದಳು. ಕೊಟ್ಟಿಗೆಯ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಗಣಿ ಕದಡುತ್ತಿದ್ದ ಆ ಹಳೆಯ ಅವ್ವ ಒಂದು ಗಳಿಗೆ ನಮ್ಮ ಹಿತ್ತಲಿಗೆ ಬಂದು ಹೋದಳು.

“ಬೆಳಿಗ್ಗೆ ಕುಣಿಗಲ್ ಬಸ್ಸು ಎಷ್ಟೊತ್ತಿಗೆ ಅವ್ವ?” ಎಂದೆ, ಎದೆ ಗಟ್ಟಿ ಮಾಡಿಕೊಂಡು.

“ಯಾವ್ ಬಸ್ಸು? ಈಗ್ ತಾನೆ ಹೆಪ್ಪಾಕಿ ಬುಟ್ಟೋಗಾಕಾಯ್ತದಾ? ನಾನ್ ಅತ್ಲಾಗೆ ಹೋದ್ರೆ ನೀನು ಇತ್ಲಾಗೆ ಫಿನಾಯಿಲ್ ಸುರೀತೀಯ. ಅದು ಕೂರೋವರ್ಗೂ ಇರ್ತೀನಿ.”

ತನ್ನ ಕಣ್ಣಿಗಾಗಿ ಇರಲೊಪ್ಪದವಳು ಕಣ್ಣಿಗೆ ಕಾಣದ ಆ ಜೀವಿಗಳಿಗಾಗಿ ಇರಲೊಪ್ಪಿದಳು. ನಾನೂ ಸರೋಜಳೂ ಮುಖ ಮುಖ ನೋಡಿಕೊಂಡೆವು. ಉಳಿದಷ್ಟೂ ದಿನ ನಮ್ಮ ಮನೆಯಲ್ಲಿ ಅವ್ವನ ಕಾವಲು. ಫಿನಾಯಿಲ್ ಬಾಟಲಿ ಅವಳ ದಿಂಬಿನ ಪಕ್ಕದಲ್ಲಿ. ಬೆಳಿಗ್ಗೆ ಹಾಲಿನವನ ಮನೆಯಿಂದ ಒಂದು ಉಂಡೆ ಸಗಣಿ ತರಿಸಿ, ಸರೋಜಳ ಕೈಯಲ್ಲಿ ನೀರಿಗೆ ಕದಡಿಸಿ ಟ್ಯಾಂಕಿಗೆ ಬಿಡಿಸುತ್ತಿದ್ದಳು. ಮಗುವಿಗೆ ಗಂಜಿ ಕುಡಿಸುವವರ ಹಾಗೆ “ನಿಧಾನ, ನಿಧಾನ” ಎನ್ನುತ್ತಿದ್ದಳು. ನಾನು ಸ್ಕೂಲಿನಿಂದ ಬರುವಾಗ ಗೇಟಿನಲ್ಲೇ, “ಇವತ್ತು ಗುಳುಗುಳು ಅನ್ನಲಿಲ್ಲ” ಎಂಬ ವರದಿ. ಎರಡು ವಾರಕ್ಕೆ ಕಣ್ಣುರಿ ವಾಸನೆ ಕಡಿಮೆಯಾಯಿತು. ಮೂರನೇ ವಾರಕ್ಕೆ ಕೆಸರುಗದ್ದೆ. ತಿಂಗಳು ಕಳೆದರೂ ನೀರು ಸರಾಗವಾಗಿ ಇಳಿಯಿತು. ಗಳು ಹಾಕಿ ನೋಡಿದರೆ ಅಡಿಯ ಕಲ್ಲು ಮೆತ್ತಗಾಗುತ್ತಿತ್ತು.

ನಲವತ್ತನೇ ದಿನ ಕಣ್ಣಿನ ಬಟ್ಟೆ ಬಿಚ್ಚಿದರು, ಆಮೇಲೆ ಕನ್ನಡಕ ಬಂತು. ಅವ್ವ ಕನ್ನಡಕ ಹಾಕಿಕೊಂಡು ಮೊದಲ ಸಲ ನಮ್ಮ ಮನೆಯನ್ನು ಸರಿಯಾಗಿ ನೋಡಿದಳು. ಮೂಲೆ ನೋಡಿದಳು, ಕಿಟಕಿಯ ಸರಳು ನೋಡಿದಳು, ನೆಲ ನೋಡಿದಳು. ಹೊಸ ಕಣ್ಣಿಂದ ಅವಳ ಬಾಯಿಗೆ ಬಂದ ಮೊದಲ ಮಾತು: “ಎಷ್ಟ್ ಗಲೀಜಾಗದೆ ನಿಮ್ಮನೆ! ಒಂದೀಟು ಫಿನಾಯಿಲ್ ಹಾಕಿ ವರುಸ್ಬಾರ್ದೇನ್ಲಾ?” ದಿಂಬಿನ ಪಕ್ಕದ ಬಾಟಲಿಯನ್ನು ತಾನೇ ತೆಗೆದು ಸರೋಜಳ ಕೈಗೆ ಕೊಟ್ಟು, “ನೆಲಕ್ಕೆ ಮಾತ್ರ. ಇವನ ಕೈಗೆ ಕೊಡ್ಬೇಡ” ಎಂದು ಹೇಳಿ ಕುಣಿಗಲ್ ಬಸ್ಸು ಹತ್ತಿದಳು.

ಇದೆಲ್ಲ ಆಗಿ ವರ್ಷಗಳಾದವು. ಅವ್ವ ಈಗಿಲ್ಲ. ಚೇಳೂರಿನ ಅಕ್ಕನ ಗುಂಡಿಯೂ ದನಗಳು ಕಡಿಮೆಯಾಗಿ ನಿಂತುಹೋಯಿತು. ಅವಳೂ ಸಿಲಿಂಡರ್ ತಂದಳು. ನಮ್ಮ ಮರಳೂರಿಗೂ ಒಳಚರಂಡಿ ಬಂತು. ಪೈಪು ಜೋಡಿಸಿದ ಮೇಸ್ತ್ರಿ, “ಹಳೇ ಗುಂಡಿಗೆ ಮಣ್ಣು ತುಂಬಿಸ್ಬುಡಿ ಸಾರ್, ಇನ್ನೇನ್ ಕೆಲ್ಸ ಅದಕ್ಕೆ?” ಎಂದ. “ತುಂಬಿಸ್ತೀನಿ” ಎಂದೆ. ತುಂಬಿಸಲಿಲ್ಲ. ಚಪ್ಪಡಿಯ ಒಂದು ಮೂಲೆ ಸರಿಸಿ ವಾರಕ್ಕೊಮ್ಮೆ ಒಂದು ಬಕೀಟು ಸಗಣಿ ನೀರು ಬಿಡುತ್ತೇನೆ. ಯಾಕೆ ಎಂದು ಸರೋಜ ಕೇಳಿದಾಗ, “ಒಳಚರಂಡಿ ಕಟ್ಟಿಕೊಂಡರೆ? ಒಂದು ವ್ಯವಸ್ಥೆ ಇರಲಿ” ಎಂದೆ. ಚಿಂತೆಗಾರನೆಂಬ ಹೆಸರಿನಿಂದ ಇದೊಂದು ಅನುಕೂಲ. ಏನು ಮಾಡಿದರೂ ಜನ ಅದರ ತಲೆಗೇ ಕಟ್ಟುತ್ತಾರೆ. ಸರೋಜ ನನ್ನನ್ನು ಸ್ವಲ್ಪ ಹೊತ್ತು ನೋಡಿ, “ಇರಲಿ ಬಿಡಿ” ಎಂದಷ್ಟೇ ಹೇಳಿ ಬಕೀಟು ತಂದಿಟ್ಟಳು.

ಮೊನ್ನೆ, ಒಳಚರಂಡಿ ಇನ್ನೂ ಹೋಗದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವರೊಬ್ಬರು ಬಂದಿದ್ದರು. ಮುಖದಲ್ಲಿ ಚಿಂತೆ, ಕೈಯಲ್ಲಿ ಕ್ಯಾನು, ಮೈಯಲ್ಲಿ ಫಿನಾಯಿಲ್ ವಾಸನೆ, ಕನ್ನಡಿ ನೋಡಿದಂತಾಯಿತು. ತಮ್ಮ ಟ್ಯಾಂಕು ಕರಗುತ್ತಿಲ್ಲವೆಂದೂ, ಮೇಷ್ಟ್ರ ಮನೆಯಲ್ಲಿ ಹೆಪ್ಪು ಸಿಗುತ್ತದೆಂದು ಯಾರೋ ಹೇಳಿದರೆಂದೂ ಸಂಕೋಚದಿಂದ ಹೇಳಿದರು. ಕ್ಯಾಲೆಂಡರ್ ನೋಡಿದೆ. ಶುಕ್ರವಾರ. ನನಗೆ ಇಂಥದ್ದರಲ್ಲೆಲ್ಲ ನಂಬಿಕೆಯಿಲ್ಲ, ನಾನು ವಿಜ್ಞಾನದ ಮೇಷ್ಟ್ರು. ಆದರೂ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಚಪ್ಪಡಿ ಸರಿಸಿ, ಚಂಬು ತೋರಿಸಿ, ನಾನು ಆ ಕಡೆ ತಿರುಗಿ ನಿಂತೆ. “ಮೇಲಿಂದು ತಗೋಬೇಡಿ. ಬಗ್ಗಿ, ಇನ್ನೂ ಬಗ್ಗಿ. ಮುಚ್ಚಳ ಸಡಿಲವಾಗಿರಲಿ” ಎಂದು ತೆಂಗಿನ ಮರಕ್ಕೆ ಹೇಳಿದೆ. ಅವರು ಹೋದ ಮೇಲೆ ಸರೋಜ ನನ್ನ ಮುಖ ನೋಡಿ, ಕಣ್ಣಿಗೇನಾಯಿತು ಎಂದು ಕೇಳಿದಳು. ವಾಸನೆಗೆ ನೀರು ಬಂತು ಎಂದೆ. ಬದುಕಿರುವ ಗುಂಡಿಯ ವಾಸನೆಗೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಅವ್ವ ಹೇಳುವಾಗ ಅವಳೂ ಬಾಗಿಲಲ್ಲೇ ನಿಂತಿದ್ದಳು ಎಂಬುದು ನನಗೆ ಆಮೇಲೆ ನೆನಪಾಯಿತು.